ಸೊಂಟದ ಕೀಲಿನ ಸವೆತಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಸಲ್ಲುವುದೇ?

ಪರ

ನೋವನ್ನು ತಗ್ಗಿಸುವ ಸಾಧನವು ಇರುವಾಗ, ಅದು ಸವೆದ ಮೃದ್ವಸ್ಥಿಯನ್ನು ಮರಳಿ ಬೆಳೆಸಲಾರದೆಂಬ ಒಂದೇ ಕಾರಣದಿಂದ ರೋಗಿಗೆ ಅದನ್ನು ನಿರಾಕರಿಸುವುದು ವೈದ್ಯಧರ್ಮವಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಆಲಂಕಾರಿನಂತಹ ಅಡಿಕೆಯ ಸೀಮೆಯಲ್ಲಿ, ಗುಡ್ಡದ ಬುಡದ ತೋಟಕ್ಕೆ ದಿನವೂ ಇಳಿದು ಹತ್ತಿ, ಕುಕ್ಕರುಗಾಲಿನಲ್ಲಿ ಕುಳಿತು ಅಡಿಕೆ ಹೆಕ್ಕುತ್ತ ಆಯುಷ್ಯವನ್ನು ಕಳೆದವರಿಗೆ ಸೊಂಟದ ಕೀಲು ಬಿಗಿದುಕೊಂಡಿತೆಂದರೆ, ರಾತ್ರಿ ಮಗ್ಗುಲು ಹೊರಳುವುದೂ ಯಾತನೆಯಾಗುತ್ತದೆ. ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ದೇಹವೂ ಹಣವೂ ಅನುಕೂಲವಾಗುವವರೆಗೆ ಅವರು ಏನನ್ನು ನೆಚ್ಚಬೇಕು?

2022ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ, 199 ರೋಗಿಗಳನ್ನೊಳಗೊಂಡ ಇಂಗ್ಲೆಂಡಿನ ಪ್ರಯೋಗವು ಉತ್ತರವಿತ್ತಿದೆ: ಅಲ್ಟ್ರಾಸೌಂಡಿನಲ್ಲಿ ನೋಡುತ್ತ 40 ಮಿಲಿಗ್ರಾಂ ಟ್ರಯಾಮ್ಸಿನೊಲೋನನ್ನು ಲಿಡೊಕೇನಿನೊಡನೆ ಒಮ್ಮೆ ಕೀಲಿಗೆ ಚುಚ್ಚಿಸಿಕೊಂಡವರ ನೋವು, ಬರಿಯ ಸಲಹೆ-ತಿಳುವಳಿಕೆಗಳನ್ನು ಪಡೆದವರ ನೋವಿಗಿಂತ, ಆರು ತಿಂಗಳ ಅವಧಿಯಲ್ಲಿ ನಿಶ್ಚಿತವಾಗಿಯೂ ಕಡಿಮೆಯಿತ್ತು. ಫಲದ ಬಹುಭಾಗವು ಮೊದಲ ಎರಡು ತಿಂಗಳುಗಳಲ್ಲೇ ಕಂಡು ಅನಂತರ ಕುಗ್ಗುವುದು ನಿಜ. ಆದರೆ ನಿದ್ರೆಯು ಮರಳಿ ಬಂದ, ವ್ಯಾಯಾಮವನ್ನು ಆರಂಭಿಸಲು ಸಾಧ್ಯವಾದ ಆ ಎರಡು ತಿಂಗಳುಗಳ ಬೆಲೆಯನ್ನು ನೋವುಂಡವರೇ ಬಲ್ಲರು. ಮೃದ್ವಸ್ಥಿ ನಶಿಸುವುದೆಂದು ಹೆದರಿಸುವವರು ಆಧಾರವಾಗಿ ಹಿಡಿಯುವ 2017ರ ಅಮೆರಿಕದ ಅಧ್ಯಯನವು ಮೊಣಕಾಲಿಗೆ ಸಂಬಂಧಿಸಿದ್ದು. ಅಲ್ಲಿ ಎರಡು ವರ್ಷಗಳ ಕಾಲ ಹನ್ನೆರಡು ವಾರಗಳಿಗೊಮ್ಮೆ ಮದ್ದು ಕೊಡಲಾಗಿತ್ತು. ಸೊಂಟಕ್ಕೆ ಒಮ್ಮೆ ಕೊಡುವ ಮದ್ದಿನ ಮೇಲೆ ಆ ಅಪವಾದವನ್ನು ಹೊರಿಸುವುದು ನ್ಯಾಯವಲ್ಲ. ಆಳದಲ್ಲಿರುವ ಈ ಕೀಲಿಗೆ ಅಂದಾಜಿನಿಂದ ಸೂಜಿ ಹಾಕಲಾಗದಾದ್ದರಿಂದ ಉಪ್ಪಿನಂಗಡಿಯ ಮಾರ್ಗವಾಗಿ ಮಂಗಳೂರಿಗೆ ಹೋಗಬೇಕಾದೀತು, ಹೋಗೋಣ.

ವಿರೋಧ

ನನ್ನ ಆಕ್ಷೇಪಗಳು ನಾಲ್ಕು.

ಮೊದಲನೆಯದಾಗಿ, ಅದೇ 2022ರ ಪ್ರಯೋಗದಲ್ಲಿ ಸ್ಟೀರಾಯ್ಡ್ ಇಲ್ಲದೆ ಲಿಡೊಕೇನನ್ನಷ್ಟೇ ಚುಚ್ಚಿಸಿಕೊಂಡವರಿಗೂ ಎರಡನ್ನೂ ಪಡೆದವರಿಗೂ ಆರು ತಿಂಗಳ ನೋವಿನಲ್ಲಿ ಗಣನೀಯ ಅಂತರವು ಕಾಣಲಿಲ್ಲ.

ಎರಡನೆಯದಾಗಿ, ಸ್ಟೀರಾಯ್ಡ್ ಪಡೆದವರ ಪೈಕಿ ಕೃತಕ ಹೃದಯಕವಾಟವಿದ್ದ ಒಬ್ಬರು ನಾಲ್ಕು ತಿಂಗಳ ಬಳಿಕ ಹೃದಯದ ಸೋಂಕಿನಿಂದ ಮೃತಪಟ್ಟರು. ಅದಕ್ಕೆ ಚುಚ್ಚುಮದ್ದು ಕಾರಣವಾಗಿರಬಹುದೆಂದು ಸಂಶೋಧಕರೇ ಗಣಿಸಿದರು.

ಮೂರನೆಯದಾಗಿ, 2019ರಲ್ಲಿ ಬೋಸ್ಟನ್ನಿನ ವೈದ್ಯರು ಪ್ರಕಟಿಸಿದ ವರದಿಯಂತೆ, ಸೊಂಟದ ಕೀಲಿಗೆ ಇಂತಹ ಮದ್ದು ಪಡೆದವರಲ್ಲಿ ಸುಮಾರು ಶೇಕಡಾ 10 ಮಂದಿಗೆ ತೀವ್ರ ಸವೆತವೋ ಮೂಳೆಯ ಬಿರುಕೋ ಮೊದಲಾದ ಹಾನಿಗಳು ಕಂಡುಬಂದವು. ಮದ್ದು ಪಡೆಯದವರೊಡನೆ ಅಲ್ಲಿ ಹೋಲಿಕೆ ನಡೆಯದ ಕಾರಣ ಇದನ್ನು ಸಿದ್ಧಪ್ರಮಾಣವೆನ್ನಲಾಗದೆಂಬುದನ್ನು ಒಪ್ಪುತ್ತೇನೆ.

ನಾಲ್ಕನೆಯದಾಗಿ, ಮಧುಮೇಹಿಗಳಲ್ಲಿ ರಕ್ತದ ಸಕ್ಕರೆಯು ಕೆಲವು ದಿನ ಏರುತ್ತದೆ. ಚುಚ್ಚುಮದ್ದಿನ ಮೂರು ತಿಂಗಳೊಳಗೆ ಕೀಲು ಬದಲಿಸಿದರೆ ಸೋಂಕಿನ ಭಯವು ಹೆಚ್ಚುತ್ತದೆ.

ಶಸ್ತ್ರಚಿಕಿತ್ಸೆಯನ್ನು ತಾಳಲಾರದ ವೃದ್ಧರಿಗೆ ಒಂದು ಸಲ ಕೊಡುವುದನ್ನು ನಾನೂ ತಡೆಯಲಾರೆ. ಆದರೆ ಕೀಲು ಬದಲಿಸಿಕೊಳ್ಳುವ ಯೋಚನೆಯಲ್ಲಿರುವವರು ಆ ದಿನವನ್ನು ವೈದ್ಯರೊಡನೆ ಮೊದಲು ನಿಶ್ಚಯಿಸಿಕೊಳ್ಳದೆ ಈ ಸೂಜಿಗೆ ಒಪ್ಪಬಾರದೆಂದು ವಿನಂತಿಸುತ್ತೇನೆ.