ಜೋನ್ಸ್‌ಬರೋ ಮೊದಲು ಹೇಳಬೇಕಾದ ಕಥೆ

ಅಮೆರಿಕದ ಟೆನೆಸ್ಸಿ ರಾಜ್ಯದ ವಾಷಿಂಗ್ಟನ್ ಕೌಂಟಿಯ ಕೇಂದ್ರ ಜೋನ್ಸ್‌ಬರೋ. 1779ರಲ್ಲಿ ಹುಟ್ಟಿದ ಇದು ಆ ರಾಜ್ಯದ ಅತಿ ಹಳೆಯ ಊರು. ಮುಂದೆ ಅಮೆರಿಕದ ಅಧ್ಯಕ್ಷನಾದ ಆಂಡ್ರ್ಯೂ ಜಾಕ್ಸನ್ ಇಲ್ಲಿ ವಕೀಲಿ ಮಾಡಿದ್ದನ್ನು ಎಲ್ಲರೂ ಹೇಳುತ್ತಾರೆ. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿ ಬದುಕಿದ ನನಗೆ ದೊಡ್ಡವನಾಗಿ ಕಾಣುವುದು ಎಲೈಹು ಎಂಬ್ರಿ. ಗುಲಾಮಗಿರಿ ಕಾನೂನುಬದ್ಧವಾಗಿದ್ದ ಆ ನೆಲದಲ್ಲೇ ನಿಂತು ಕ್ವೇಕರ್ ಪಂಥದ ಈ ಕ್ರೈಸ್ತ, 1820ರಲ್ಲಿ ಅದರ ವಿರುದ್ಧವೇ ‘ದಿ ಇಮ್ಯಾನ್ಸಿಪೇಟರ್’ ಎಂಬ ಮಾಸಪತ್ರಿಕೆ ಹೊರತಂದ. ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವನು ಎಂಬುದನ್ನೂ ಮುಚ್ಚಿಡಬಾರದು. ಅದೇ ವರ್ಷದ ಡಿಸೆಂಬರ್‌ನಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ, ಪತ್ರಿಕೆಯೂ ನಿಂತಿತು.

1973ರಲ್ಲಿ ಇದೇ ಊರಿನ ಕೋರ್ಟ್‌ಹೌಸ್ ಬಳಿ ಹುಲ್ಲಿನ ಬಂಡಿಯನ್ನೇ ವೇದಿಕೆ ಮಾಡಿಕೊಂಡು ಶುರುವಾದ ರಾಷ್ಟ್ರೀಯ ಕಥನೋತ್ಸವಕ್ಕೆ ಈಗ ಪ್ರತಿ ಅಕ್ಟೋಬರ್ ಸಾವಿರಾರು ಕೇಳುಗರು ಬರುತ್ತಾರೆ. ಆ ಉತ್ಸವವನ್ನು ಮನಸಾರೆ ಮೆಚ್ಚುತ್ತೇನೆ. ಅಲ್ಲಿ ಪ್ರತಿ ವರ್ಷ ಮೊದಲ ಕಥೆ ಎಂಬ್ರಿಯದಾಗಲಿ. ಅವನ ವಶದಲ್ಲಿ ಗುಲಾಮಳಾಗಿದ್ದ ನ್ಯಾನ್ಸಿ ಮತ್ತು ಅವಳ ಮಕ್ಕಳದೂ ಅದರೊಂದಿಗೇ ಬರಲಿ.