ಹತ್ತನೇ ದಿನದ ಸಾಕ್ಷಿಯೂ ಬೇಕು

ಕುಡಿತ ಬಿಟ್ಟವರ ಸಾಕ್ಷಿಯನ್ನು ನಾವು ಚರ್ಚಿನಲ್ಲಿ ಕೇಳುವುದು ಸಾಮಾನ್ಯವಾಗಿ ಎಲ್ಲ ಸರಿಹೋದ ಮೇಲೆ. ಬಿಟ್ಟು ಹತ್ತೇ ದಿನವಾದವರು, ಬಿಟ್ಟು ಮತ್ತೆ ಬಿದ್ದವರು ನಾಚಿ ಸುಮ್ಮನಿರುತ್ತಾರೆ. ಮನಸ್ಸು ಬಿಚ್ಚಿ ಮಾತಾಡಬೇಕಾದವರು ಅವರೇ.

ಐರ್ಲೆಂಡಿನ ಡಬ್ಲಿನ್‌ನಲ್ಲಿ ಕೂಲಿಕಾರರಾಗಿದ್ದ ಮ್ಯಾಟ್ ಟಾಲ್ಬಟ್ 1884ರಲ್ಲಿ ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದು ಮೊದಲಿಗೆ ಮೂರೇ ತಿಂಗಳಿಗೆ. ಅದನ್ನೇ ಮುಂದುವರಿಸಿ 1925ರಲ್ಲಿ ತೀರಿಕೊಳ್ಳುವವರೆಗೂ ಕುಡಿತದಿಂದ ದೂರವಿದ್ದರು. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ಒಂದೊಂದೇ ದಿನ ಗೆಲ್ಲುವುದನ್ನು ಕಲಿಸುತ್ತದೆ.

ನಮ್ಮ ಯುವಜನರ ಕೂಟದಲ್ಲೂ ಅಂಥವರು ಅಂಜದೆ ಮಾತಾಡಲಿ. ಕೇಳಿದ್ದು ಮನೆಮನೆಗೆ ಹೋಗದಂತೆ ನಾವು ನೋಡಿಕೊಳ್ಳೋಣ. ಮತ್ತೆ ಬಿದ್ದವರನ್ನು ವಿಶ್ವಾಸ ಸಾಲದೆಂದು ಹಳಿಯದಿರೋಣ. ಬಹಳ ಕುಡಿಯುವವರು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯವಾಗಬಹುದು. ಪ್ರಾರ್ಥನೆಯ ಜೊತೆಗೆ ಡಾಕ್ಟರ ಬಳಿಗೂ ನಾವೇ ಕರೆದೊಯ್ಯೋಣ.