ಸಮದೃಷ್ಟಿಯೂ ಲೆಕ್ಕದ ಪುಸ್ತಕವೂ

ರೋಗಿಯ ಮೈಬಣ್ಣವನ್ನು ತಾವು ಗಣಿಸುವುದೇ ಇಲ್ಲವೆಂದು ಹೇಳಿಕೊಳ್ಳುವುದು ಅಮೆರಿಕಾ ದೇಶದ ಅನೇಕ ವೈದ್ಯರಿಗೆ ಹೆಮ್ಮೆಯ ಮಾತಾಗಿದೆ. ಮಾತು ಕಿವಿಗೆ ಇಂಪಾದುದೇ ಅಹುದು; ಆದರೆ ಗಣಿಸದೆ ಇರುವುದಕ್ಕೂ ಸಮನಾಗಿ ಉಪಚರಿಸುವುದಕ್ಕೂ ಬಹಳ ಅಂತರವುಂಟು.

ಪೀಟರ್ ಬಾಕ್ ಮೊದಲಾದ ವೈದ್ಯರು ೧೯೯೯ನೆಯ ಇಸವಿಯಲ್ಲಿ ಈ ಅಂತರವನ್ನು ಅಳೆದು ತೋರಿಸಿದರು. ಅವರು ಪರಿಶೀಲಿಸಿದ ರೋಗಿಗಳೆಲ್ಲರೂ ೬೫ ವರ್ಷ ತುಂಬಿದವರು. ಸರ್ಕಾರದ ಮೆಡಿಕೇರ್ ವಿಮೆಯುಳ್ಳವರು. ಶಸ್ತ್ರಕ್ರಿಯೆಯಿಂದ ತೆಗೆಯಬಹುದಾದ ಆರಂಭದೆಸೆಯ ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾದವರು. ಬಿಳಿಯರಲ್ಲಿ ನೂರಕ್ಕೆ ೭೬.೭ ಮಂದಿಗೆ ಶಸ್ತ್ರಕ್ರಿಯೆ ನಡೆದಿದ್ದರೆ, ಕರಿಯರಲ್ಲಿ ೬೪ ಮಂದಿಗೆ ಮಾತ್ರವೇ ನಡೆದಿತ್ತು. ಐದು ವರ್ಷಗಳ ತರುವಾಯ ಬದುಕಿ ಉಳಿದವರು ಬಿಳಿಯರಲ್ಲಿ ನೂರಕ್ಕೆ ೩೪.೧, ಕರಿಯರಲ್ಲಿ ೨೬.೪. ಶಸ್ತ್ರಕ್ರಿಯೆ ಹೊಂದಿದವರನ್ನಷ್ಟೇ ಹೋಲಿಸಿದಲ್ಲಿ ಎರಡು ಜನಾಂಗಗಳಿಗೂ ಹೆಚ್ಚಿನ ಭೇದ ಕಾಣಲಿಲ್ಲ. ಹೀಗಿರಲು ದೋಷವನ್ನು ಕರಿಯರ ರಕ್ತದ ಮೇಲೆ ಹೊರಿಸುವುದು ನ್ಯಾಯವೇ?

ಕರಿಯರೇ ಚಿಕಿತ್ಸೆಗೆ ಹಿಂಜರಿಯುವರು, ಗೊತ್ತುಮಾಡಿದ ದಿನ ಬರುವುದಿಲ್ಲ ಎಂಬುದು ಇನ್ನೊಂದು ಸಮಾಧಾನ. ೧೯೩೨ರಿಂದ ೧೯೭೨ರ ವರೆಗೆ ಟಸ್ಕೀಗಿಯಲ್ಲಿ ಸಿಫಿಲಿಸ್ ರೋಗದ ನೂರಾರು ಕರಿಯರಿಗೆ ಚಿಕಿತ್ಸೆಯನ್ನು ಕೊಡದೆ, ರೋಗದ ಗತಿಯನ್ನು ನೋಡುತ್ತ ಕುಳಿತವರು ಸರ್ಕಾರೀ ವೈದ್ಯರೇ ಅಲ್ಲವೇ? ಅದನ್ನು ಬಲ್ಲ ಜನರು ಸಂಶಯಪಟ್ಟರೆ ಸೋಜಿಗವೇನು? ಬಾರದವನು ಏಕೆ ಬರಲಿಲ್ಲವೆಂದು ವಿಚಾರಿಸದೆ ಅವನನ್ನು ದೂರುವುದು ವೈದ್ಯಧರ್ಮವಲ್ಲ.

ವಿಚಾರಿಸಿದರೆ ಆಗುವ ಫಲವೂ ಈಗ ತಿಳಿದಿದೆ. ಗ್ರೀನ್ಸ್‌ಬರೋ, ಪಿಟ್ಸ್‌ಬರ್ಗ್ ನಗರಗಳ ಕ್ಯಾನ್ಸರ್ ಚಿಕಿತ್ಸಾಲಯಗಳಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶವು ೨೦೧೯ರಲ್ಲಿ ಪ್ರಕಟವಾಯಿತು. ರೋಗಿಯು ಬರಬೇಕಾದ ದಿನ ಬಾರದಿದ್ದರೆ, ಇಲ್ಲವೆ ಚಿಕಿತ್ಸೆಯ ಒಂದು ಹಂತ ತಪ್ಪಿದರೆ, ಕಂಪ್ಯೂಟರು ಎಚ್ಚರಿಸುತ್ತಿದ್ದಿತು. ಅದಕ್ಕೆಂದೇ ಶಿಕ್ಷಣ ಪಡೆದ ದಾದಿಯು ರೋಗಿಯ ಅಡಚಣೆಯನ್ನು ಕೇಳಿ ಪರಿಹಾರ ಹುಡುಕುತ್ತಿದ್ದಳು. ಯಾವ ಜನಾಂಗದವರೆಷ್ಟು ಮಂದಿ ಚಿಕಿತ್ಸೆಯನ್ನು ಪೂರೈಸಿದರೆಂಬ ಲೆಕ್ಕವನ್ನು ವೈದ್ಯರ ಮುಂದಿಡಲಾಗುತ್ತಿದ್ದಿತು. ಸ್ತನದ ಮತ್ತು ಶ್ವಾಸಕೋಶದ ಆರಂಭದೆಸೆಯ ಕ್ಯಾನ್ಸರುಗಳಲ್ಲಿ ಚಿಕಿತ್ಸೆ ಪೂರೈಸಿದವರು ಮೊದಲು ಕರಿಯರಲ್ಲಿ ನೂರಕ್ಕೆ ೭೯.೮, ಬಿಳಿಯರಲ್ಲಿ ೮೭.೩ ಇದ್ದರು. ಪ್ರಯೋಗದಲ್ಲಿ ಅದು ೮೮.೪ಕ್ಕೂ ೮೯.೫ಕ್ಕೂ ಏರಿತು. ಕರಿಯರಿಗಾದ ಲಾಭದಿಂದ ಬಿಳಿಯರಿಗೆ ನಷ್ಟವಾಗಲಿಲ್ಲ. ಅವರಿಗೂ ಒಳಿತೇ ಆಯಿತು.

ಇದಕ್ಕೆ ಹೊಸ ಔಷಧವೊಂದೂ ಬೇಕಾಗಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಇದ್ದ ಔಷಧವೇ ಎಲ್ಲರಿಗೂ ಕಡೆಯವರೆಗೆ ತಲುಪಿತು. ಆದಕಾರಣ ಪ್ರತಿಯೊಂದು ಚಿಕಿತ್ಸಾಲಯವೂ ಇಂತಹ ಲೆಕ್ಕವನ್ನು ಇಟ್ಟು ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಒಪ್ಪಿಸುವಂತೆ ಕಟ್ಟುಮಾಡಬೇಕು. ಸಮದೃಷ್ಟಿ ನಿಜವಾಗಿಯೂ ಉಳ್ಳವರಿಗೆ ಲೆಕ್ಕ ತೋರಿಸಲು ಅಂಜಿಕೆ ಏತಕ್ಕೆ?